ಕಕ್ಕಡದ ಮಳೆಯಲ್ಲಿ ಒಂದು ಬಾಲ್ ಪೈಥಾನ್: ಶ್ವಾಸಕೋಶದ ಸೋಂಕಿನ ಪ್ರಕರಣ

ಜುಲೈ 11ರ ಬೆಳಿಗ್ಗೆ ಮಡಿಕೇರಿಯ ನನ್ನ ಪಶು ಕ್ಲಿನಿಕ್‌ಗೆ ಒಬ್ಬ ಹುಡುಗ ತಲೆದಿಂಬಿನ ಕವರ್ ಹಿಡಿದು ಬಂದ. ಕವರಿನ ಬಾಯಿಗೆ ಗಂಟು ಹಾಕಿತ್ತು. ಕಕ್ಕಡ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳು, ಹತ್ತಿರ ಬಂದಿತ್ತು. ಮೂರು ದಿನದಿಂದ ಬಿಡದೆ ಮಳೆ. ಅವನ ಜಾಕೆಟ್ ತೊಯ್ದಿತ್ತು, ಕವರ್ ಮಾತ್ರ ಒಣಗಿತ್ತು. ಜಾಕೆಟ್ ಒಳಗೆ ಎದೆಗೆ ಒತ್ತಿಕೊಂಡು ಬೈಕಿನಲ್ಲಿ ತಂದಿದ್ದ.

"ಡಾಕ್ಟ್ರೇ, ಇವಳು ಉಸಿರು ಬಿಡುವಾಗ ಟಿಕ್ ಟಿಕ್ ಅಂತ ಸದ್ದು ಬರ್ತಿದೆ. ಹದಿನೈದು ದಿನದಿಂದ ಏನೂ ತಿಂದಿಲ್ಲ" ಅಂದ.

ಒಳಗಿದ್ದದ್ದು ಬಾಲ್ ಪೈಥಾನ್, ಆಫ್ರಿಕಾದ ಒಂದು ಜಾತಿಯ ಹೆಬ್ಬಾವು. ಐದು ವರ್ಷದ ಹೆಣ್ಣು. ಮನೆಯಲ್ಲಿ ಇಟ್ಟ ಹೆಸರು ಮೆಣಸು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಮೇ ತಿಂಗಳಲ್ಲಿ ಅಜ್ಜಿಯ ಜೊತೆ ಇರಲು ಮಾದಾಪುರದ ಕಡೆಯ ತೋಟದ ಮನೆಗೆ ಬಂದ. ಕೆಲಸ ಮನೆಯಿಂದಲೇ. ಹಾವೂ ಜೊತೆಗೆ ಬಂತು. ಬೆಂಗಳೂರಿನಲ್ಲಿ ಮೂರು ವರ್ಷ ಅದಕ್ಕೆ ಒಂದು ದಿನವೂ ಹುಷಾರು ತಪ್ಪಿರಲಿಲ್ಲ.

ನಾನು ಮೊದಲು ಕೇಳಿದ್ದು ಕಾಗದ. ಇದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಾಡಿನ ಹೆಬ್ಬಾವು, ನಾಗರಹಾವು, ಕೇರೆಹಾವು ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ತೋಟದಲ್ಲಿ ಗಾಯಗೊಂಡ ಹೆಬ್ಬಾವು ಸಿಕ್ಕರೂ ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಆದರೂ ಅದರ ವಹಿವಾಟಿಗೆ ಅಂತರರಾಷ್ಟ್ರೀಯ ನಿಯಂತ್ರಣ ಇದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹುಡುಗನ ಹತ್ತಿರ ನೋಂದಣಿ ಇತ್ತು. ಫೋನಿನಲ್ಲೇ ತೋರಿಸಿದ.

ಮೊದಲ ದಿನ ಕಂಡದ್ದು

ತೂಕ 1,180 ಗ್ರಾಂ. ಹುಡುಗನ ನೋಟ್‌ಬುಕ್‌ನಲ್ಲಿ ಮೇ ತಿಂಗಳ ತೂಕ 1,340 ಅಂತ ಇತ್ತು. ಆ ನೋಟ್‌ಬುಕ್ ಮುಂದೆ ನನಗೆ ತುಂಬ ಉಪಯೋಗಕ್ಕೆ ಬಂತು. ಹಾವಿಗೆ ಜ್ವರ ನೋಡಿ ಏನೂ ಹೇಳಲಾಗುವುದಿಲ್ಲ. ಅದರ ಮೈ ಸುತ್ತಲಿನ ಬಿಸಿಯಷ್ಟೇ ಇರುತ್ತದೆ. ಹೀಗಾಗಿ ತೂಕ, ಊಟ, ಪೊರೆ ಬಿಟ್ಟ ದಿನ, ಇವೇ ನಮಗೆ ಸಿಗುವ ಚರಿತ್ರೆ.

ಹಾವು ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದಿತ್ತು. ಮೂಗಿನ ತೂತಿನಲ್ಲಿ ನೊರೆ. ಮೆಲ್ಲಗೆ ಬಾಯಿ ತೆರೆದು ನೋಡಿದೆ. ಒಸಡಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಬಲಗಡೆ ಬಾಯಿಯ ಮೂಲೆಯಲ್ಲಿ ಹಳದಿ ಬಿಳುಪಿನ ಚೂರು, ಥೇಟ್ ಒಡೆದ ಗಿಣ್ಣಿನ ಹಾಗೆ. ಅದು ಕೀವು. ಹಸು, ನಾಯಿಗಳ ಕೀವು ನೀರಾಗಿ ಹರಿಯುತ್ತದೆ. ಹಾವಿನ ಬಿಳಿ ರಕ್ತಕಣಗಳಲ್ಲಿ ಕೀವನ್ನು ಕರಗಿಸುವ ಅಂಶ ಇಲ್ಲ. ಅದಕ್ಕೇ ಅದು ಗಟ್ಟಿಯಾಗಿ ಕೂರುತ್ತದೆ. ಔಷಧಿ ಅದರೊಳಗೆ ಹೋಗುವುದು ಕಷ್ಟ. ಕೈಯಿಂದಲೇ ತೆಗೆಯಬೇಕು.

ಹೊಟ್ಟೆಯ ಕೆಳಗೆ, ಬಾಲದ ಕಡೆ ಎಂಟು ಅಗಲ ಹುರುಪೆಗಳು ಕೆಂಪಾಗಿದ್ದವು. ಎರಡರ ಅಂಚು ಮೆತ್ತಗಾಗಿತ್ತು. ಒದ್ದೆ ಹಾಸಿನ ಮೇಲೆ ಬಹಳ ದಿನ ಮಲಗಿದ ಹಾವಿಗೆ ಹೀಗಾಗುತ್ತದೆ. ಹುಳ ಇದೆಯಾ ಅಂತ ಬಿಳಿ ಟಿಶ್ಯೂನಿಂದ ಮೈಯೆಲ್ಲ ಒರೆಸಿ ನೋಡಿದೆ. ಹಾವಿನ ಹುಳ ರಕ್ತ ಹೀರುತ್ತದೆ, ಬ್ಯಾಕ್ಟೀರಿಯಾ ಹರಡುತ್ತದೆ. ಇದಕ್ಕೆ ಹುಳ ಇರಲಿಲ್ಲ.

ಹಾವಿನ ಶ್ವಾಸಕೋಶದ ಸೋಂಕು ಏಕೆ ಇಷ್ಟು ಗಂಭೀರ ಅಂತ ಹುಡುಗನಿಗೆ ಬಿಡಿಸಿ ಹೇಳಿದೆ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ಒಂದು ಮಾಂಸದ ಪರದೆ ಇದೆ. ಹಾವಿಗೆ ಇಲ್ಲ. ಆದ್ದರಿಂದ ಅದು ನಮ್ಮಂತೆ ಕೆಮ್ಮಿ ಕಫ ಹೊರಹಾಕಲಾರದು. ಉದ್ದ ಚೀಲದಂಥ ಶ್ವಾಸಕೋಶದ ತಳದಲ್ಲಿ ಕಫ ಸೇರುತ್ತಾ ಹೋಗುತ್ತದೆ. ಹೊರಗೆ ನಮಗೆ ಒಂದೆರಡು ನೊರೆಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕಾಯಿಲೆ ಹಳತಾಗಿರುತ್ತದೆ.

ನಾನು ದಿನವೂ ನೋಡುವುದು ಹಸು, ಹಂದಿ, ನಾಯಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿ ಬೆಂಗಳೂರಿನಲ್ಲಿ ಹಾವು, ಆಮೆ, ಪಕ್ಷಿಗಳನ್ನೇ ನೋಡುತ್ತಾಳೆ. ಕ್ಲಿನಿಕ್ಕಿನಿಂದಲೇ ಅವಳಿಗೆ ಫೋನ್ ಮಾಡಿದೆ. "ಔಷಧಿ ಮುಟ್ಟುವ ಮೊದಲು ಸ್ವಾಬ್ ತಗೋ" ಅಂದಳು. ಉಸಿರುನಾಳದ ಬಾಯಿಂದ ಸ್ವಾಬ್ ತೆಗೆದು, ಮೈಸೂರು ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಲ್ಯಾಬ್‌ಗೆ ಕಳಿಸಿದೆ. ಇನ್ನೊಂದು ಸ್ವಾಬನ್ನು ಗಾಜಿಗೆ ಸವರಿ, ಬಣ್ಣ ಹಾಕಿ ನನ್ನ ಮೈಕ್ರೋಸ್ಕೋಪ್‌ನಲ್ಲೇ ನೋಡಿದೆ. ತುಂಬ ಗುಲಾಬಿ ಕಡ್ಡಿಗಳು. ಅಂದರೆ ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ. ಹಾವಿನ ಬಾಯಿ ಹುಣ್ಣು, ನ್ಯುಮೋನಿಯಾಗಳಲ್ಲಿ ಜಾಸ್ತಿ ಸಿಗುವುದು ಇದೇ ಗುಂಪು: ಸ್ಯೂಡೋಮೊನಾಸ್, ಏರೋಮೊನಾಸ್, ಕ್ಲೆಬ್ಸಿಯೆಲ್ಲಾ.

ವರದಿ ಬರುವವರೆಗೆ ಕಾಯುವ ಹಾಗಿರಲಿಲ್ಲ. ನನ್ನ ಕಪಾಟಿನಲ್ಲಿದ್ದ ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಶುರು ಮಾಡಿದೆ. ಕೆಜಿಗೆ 10 ಮಿ.ಗ್ರಾಂ, ದಿನ ಬಿಟ್ಟು ದಿನ. ಬಾಯಿಯ ಗಿಣ್ಣು ತೆಗೆದು, ಪೊವಿಡೋನ್ ಅಯೋಡಿನ್ ಅನ್ನು ಹಾಲು ಹಾಕದ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಮಾಡಿ ಒರೆಸಿದೆ. ಹೊಟ್ಟೆಗೆ ಸಿಲ್ವರ್ ಸಲ್ಫಾಡೈಯಾಜಿನ್ ಕ್ರೀಮ್, ಸುಟ್ಟ ಗಾಯಕ್ಕೆ ಹಚ್ಚುತ್ತಾರಲ್ಲ, ಅದೇ.

ಆಮೇಲೆ ಕೇಳಿದೆ: "ಗೂಡಿನಲ್ಲಿ ಬಿಸಿ ಎಷ್ಟಿದೆ?"

"32 ಇದೆ ಡಾಕ್ಟ್ರೇ."

ಕೇಸ್ ಶೀಟಿನಲ್ಲಿ 32 ಅಂತ ಬರೆದುಕೊಂಡೆ. ಎಲ್ಲಿ ಅಳೆದದ್ದು, ಯಾವ ಹೊತ್ತಿನಲ್ಲಿ ಅಳೆದದ್ದು ಅಂತ ಕೇಳಲಿಲ್ಲ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಅದರಿಂದ ಆ ಹಾವಿಗೆ ಐದು ದಿನ ನಷ್ಟವಾಯಿತು.

ಗೂಡು ನೋಡಲು ಹೋದದ್ದು

16ರಂದು ಹುಡುಗ ಮತ್ತೆ ಬಂದ. ಹಾವು ಬಾಯಿ ತೆರೆದು ಉಸಿರಾಡುತ್ತಿತ್ತು. ತೂಕ 1,150. ಇಂಜೆಕ್ಷನ್ ಕೊಟ್ಟ ಒಂದು ಜಾಗ ಗಂಟಾಗಿತ್ತು. ಎನ್ರೋಫ್ಲಾಕ್ಸಾಸಿನ್ ಮಾಂಸವನ್ನು ಉರಿಸುತ್ತದೆ, ಆ ಗಂಟು ಬರುವುದುಂಟು. ಆದರೆ ಮೂರು ಡೋಸ್ ಆದರೂ ಒಂದಿಷ್ಟೂ ಗುಣ ಕಾಣಲಿಲ್ಲ ಅಂದಾಗ ನನಗೆ ಗಾಬರಿಯಾಯಿತು. ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಅವನ ಜೊತೆ ಹೊರಟೆ. ಹಟ್ಟಿಹೊಳೆ ದಾಟಿ ಹೋಗುವ ದಾರಿ. ಮಂಜು ಎಷ್ಟಿತ್ತೆಂದರೆ ಮೂರು ಗಂಟೆಗೇ ಲೈಟ್ ಹಾಕಿಕೊಂಡು ಹೋದೆವು.

ಹಳೆಯ ಹೆಂಚಿನ ಮನೆ. ಹುಡುಗನ ಕೋಣೆಯಲ್ಲಿ ನಾಲ್ಕು ಅಡಿಯ ಗಾಜಿನ ಗೂಡು. ಮೇಲೆ ಜಾಲರಿ ಮುಚ್ಚಳ. ಒಳಗೆ ಮೂರು ಇಂಚು ತೆಂಗಿನ ನಾರಿನ ಪುಡಿ. ಕೆಳಗೆ ಹೀಟ್ ಮ್ಯಾಟ್. ಥರ್ಮಾಮೀಟರ್ ಅನ್ನು ಗಾಜಿನ ಮೇಲ್ಭಾಗದಲ್ಲಿ, ಬಲ್ಬಿನ ಪಕ್ಕದಲ್ಲೇ ಅಂಟಿಸಿತ್ತು. ಅದರಲ್ಲಿ ನಿಜವಾಗಿಯೂ 32 ಇತ್ತು. ಹುಡುಗ ಸುಳ್ಳು ಹೇಳಿರಲಿಲ್ಲ.

ಹಾವು ಮಲಗುವುದು ನೆಲದಲ್ಲಿ, ಅಲ್ವಾ? ನೆಲ ನೋಡಿದೆ. ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡ ಹಣೆಯ ಥರ್ಮಾಮೀಟರ್ ಒಂದು ನನ್ನ ಬ್ಯಾಗಿನಲ್ಲಿರುತ್ತದೆ. ಅದನ್ನು ಮೈಯ ಮೋಡ್‌ನಿಂದ ವಸ್ತುವಿನ ಮೋಡ್‌ಗೆ ತಿರುಗಿಸಿಕೊಂಡು ಹಿಡಿಯಬೇಕು, ಇಲ್ಲದಿದ್ದರೆ ಅಂಕಿ ಸರಿ ಬರುವುದಿಲ್ಲ. ಬಿಸಿ ಇರಬೇಕಾದ ಬದಿಯಲ್ಲಿ 25. ತಂಪು ಬದಿಯಲ್ಲಿ 21. ನಾರಿನ ಪುಡಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮ್ಯಾಟ್‌ನ ಬಿಸಿ ಆ ಮೂರು ಇಂಚಿನ ಒದ್ದೆ ಹಾಸನ್ನು ದಾಟಿ ಮೇಲೆ ಬರುತ್ತಲೇ ಇರಲಿಲ್ಲ.

ಮತ್ತೆ ಕರೆಂಟ್. "ರಾತ್ರಿ ಎಷ್ಟು ಹೊತ್ತು ಇರುತ್ತೆ?" ಅಂತ ಕೇಳಿದೆ. ಅಜ್ಜಿ ಬಾಗಿಲಲ್ಲಿ ನಿಂತು ಉತ್ತರ ಹೇಳಿದರು: "ಗಾಳಿ ಬಂದ್ರೆ ಹೋಯ್ತು ಡಾಕ್ಟ್ರೇ. ಲೈನ್ ಮೇಲೆ ಕೊಂಬೆ ಬಿದ್ರೆ ಮಾರನೇ ದಿನವೇ." ಯುಪಿಎಸ್ ಇತ್ತು. ಆದರೆ ಗೂಡಿನ ವೈರ್ ಅದಕ್ಕೆ ಕೊಟ್ಟಿರಲಿಲ್ಲ. ಲೈಟು, ವೈಫೈ ಮಾತ್ರ ಕೊಟ್ಟಿದ್ದರು. ರಾತ್ರಿ ಕೋಣೆಯ ಬಿಸಿ 18ಕ್ಕೆ ಇಳಿಯುತ್ತಿತ್ತು. ಹಾವೂ 18ಕ್ಕೆ ಇಳಿಯುತ್ತಿತ್ತು.

ಬಾಲ್ ಪೈಥಾನ್‌ಗೆ ಬಿಸಿ ಬದಿ 31ರಿಂದ 33, ತಂಪು ಬದಿ 25ರಿಂದ 27 ಇರಬೇಕು. ಕಾಯಿಲೆ ಬಂದಾಗ ಹಗಲೂ ರಾತ್ರಿ ಮೇಲಿನ ಅಂಕಿಯ ಹತ್ತಿರವೇ ಇಡಬೇಕು. ಇದು ಬರೀ ಬೆಚ್ಚಗಿರಲಿ ಅಂತ ಅಲ್ಲ. ಹಾವಿನ ಮೈ ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯೇ ಬಿಸಿಯ ಮೇಲೆ ನಿಂತಿದೆ. ಔಷಧಿ ರಕ್ತದಲ್ಲಿ ಹರಡುವುದು, ಮೂತ್ರಪಿಂಡದಿಂದ ಹೊರಹೋಗುವುದು ಕೂಡ ಹಾಗೇ. 18 ಡಿಗ್ರಿಯ ಹಾವಿಗೆ ನಾನು ಕೊಟ್ಟ ಇಂಜೆಕ್ಷನ್ ಚಳಿಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆಯ ಹಾಗೆ ಅಲ್ಲೇ ಕೂತಿರಬೇಕು ಅಂತ ನನಗೆ ಅನ್ನಿಸಿತು.

ಸಂಜೆ ಅಲ್ಲೇ ಇದ್ದಾಗ ಲ್ಯಾಬಿನಿಂದ ವಾಟ್ಸಾಪ್ ಬಂತು. ಬೆಳೆದದ್ದು ಸ್ಯೂಡೋಮೊನಾಸ್ ಏರುಜಿನೋಸಾ. ಎನ್ರೋಫ್ಲಾಕ್ಸಾಸಿನ್‌ಗೆ ಬಗ್ಗುವುದಿಲ್ಲ. ಸೆಫ್ಟಾಜಿಡೈಮ್ ಮತ್ತು ಅಮಿಕಾಸಿನ್‌ಗೆ ಬಗ್ಗುತ್ತದೆ. ಆರೋಗ್ಯವಂತ ಹಾವಿನ ಬಾಯಲ್ಲೂ ಸ್ಯೂಡೋಮೊನಾಸ್ ಇರುತ್ತದೆ. ಆದ್ದರಿಂದ ವರದಿ ಒಂದನ್ನೇ ನಂಬಿ ಕೂರಬಾರದು. ಆದರೆ ಗಾಜಿನ ಮೇಲೆ ನಾನೇ ನೋಡಿದ ಕಡ್ಡಿಗಳ ರಾಶಿ, ಬಾಯಿಯ ಕೀವು, ಉಸಿರಿನ ಸದ್ದು, ಎಲ್ಲ ಒಂದೇ ಕಡೆ ತೋರಿಸುತ್ತಿದ್ದವು.

ಪೆಟ್ಟಿಗೆ ಮಾಡಿದ್ದು

ಅಜ್ಜಿ ಹೇಳಿದ್ದು ಸರಳ: "ಒಲೆ ಹತ್ರ ಇಡಿ. ನಾಯಿಮರಿ ಎಲ್ಲ ಅಲ್ಲೇ ಮಲಗೋದು." ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಲೆಯ ಹೊಗೆ ಈ ಶ್ವಾಸಕೋಶಕ್ಕೆ ವಿಷ. ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಹಾಕಿ ಕೋಣೆ ಮುಚ್ಚುವುದಂತೂ ಮನುಷ್ಯರಿಗೂ ಅಪಾಯ. ಬಚ್ಚಲ ಹಂಡೆಯ ಗೋಡೆಗೆ ಒತ್ತಿ ಆ ಕಡೆ ಒಂದು ಉಗ್ರಾಣ ಕೋಣೆ ಇತ್ತು. ಗೋಡೆ ಸದಾ ಬೆಚ್ಚಗೆ, ಹೊಗೆ ಬರುವುದಿಲ್ಲ. ಅದನ್ನು ಆರಿಸಿದೆವು.

ದೊಡ್ಡ ಗಾಜಿನ ಗೂಡನ್ನು ಬಿಟ್ಟೆವು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಬದಿಯಲ್ಲಿ ತೂತು ಕೊರೆದೆವು. ನನ್ನಲ್ಲಿ ಲಸಿಕೆ ಬರುವ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಇತ್ತು, ಡಬ್ಬಿ ಅದರೊಳಗೆ ಕೂತಿತು. ಅರ್ಧ ತಳಕ್ಕೆ ಮಾತ್ರ ಹೀಟ್ ಮ್ಯಾಟ್, ಥರ್ಮೋಸ್ಟಾಟ್ ಜೊತೆ. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬಾರದು, ಹಾವು ಸುಟ್ಟುಕೊಂಡರೂ ಜಾಗ ಬಿಟ್ಟು ಏಳುವುದಿಲ್ಲ. ವೈರ್ ಇರುವ ಥರ್ಮಾಮೀಟರ್‌ನ ತುದಿಯನ್ನು ಹಾವು ಮಲಗುವ ಜಾಗದಲ್ಲೇ ಟೇಪ್ ಮಾಡಿದೆವು. ನಾರಿನ ಪುಡಿ ಎಸೆದು ಹಳೆಯ ಪೇಪರ್ ಹಾಸಿದೆವು. ಪೇಪರ್‌ನಲ್ಲಿ ಒಂದು ಹನಿ ಕಫ ಬಿದ್ದರೂ ಕಾಣುತ್ತದೆ.

ಯುಪಿಎಸ್ ಲೆಕ್ಕ ಕೂಡ ಹಾಕಿದೆವು. ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದರೆ 1,800 ವ್ಯಾಟ್ ಅವರ್. ಅದರಲ್ಲಿ ಅರ್ಧ ಸಿಕ್ಕರೂ 900. ಮ್ಯಾಟ್ 28 ವ್ಯಾಟ್. ಯುಪಿಎಸ್ ತಾನೇ ನುಂಗುವುದನ್ನು ಕಳೆದರೂ ಒಂದು ರಾತ್ರಿ ಧಾರಾಳವಾಗಿ ದಾಟುತ್ತದೆ, ಬೇರೆ ಏನೂ ಹಾಕದಿದ್ದರೆ. ಹುಡುಗ ಕೊಳ್ಳಬೇಕೆಂದಿದ್ದ 100 ವ್ಯಾಟ್‌ನ ಸೆರಾಮಿಕ್ ಹೀಟರ್ ಆಗಿದ್ದರೆ ದಾಟುತ್ತಿರಲಿಲ್ಲ.

ತೇವದ ಬಗ್ಗೆ ಹುಡುಗನಿಗೆ ಚಿಂತೆ ಇತ್ತು. ಕಕ್ಕಡದಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ, ಹಾವಿನ ಪೆಟ್ಟಿಗೆ ಹೇಗೆ ಒಣಗೀತು? ಇದರಲ್ಲಿ ಒಂದು ಸಂಗತಿ ಇದೆ. 19 ಡಿಗ್ರಿಯಲ್ಲಿ ಗಾಳಿಯ ತೇವ ನೂರಕ್ಕೆ 95 ಇದ್ದರೆ, ಅದೇ ಗಾಳಿಯನ್ನು 31ಕ್ಕೆ ಬಿಸಿ ಮಾಡಿದಾಗ ಅದು ನೂರಕ್ಕೆ 47ರ ಹತ್ತಿರ ಬರುತ್ತದೆ. ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿ ಹಿಡಿದಿಡುವ ಶಕ್ತಿ ಜಾಸ್ತಿ. ಬಿಸಿ ಸರಿ ಮಾಡಿದರೆ ತೇವ ತಾನೇ ಸರಿಹೋಗುತ್ತದೆ, ತೂತುಗಳನ್ನು ಮುಚ್ಚದಿದ್ದರೆ ಸಾಕು. ಮಾರನೇ ಬೆಳಿಗ್ಗೆ ಹುಡುಗ ಫೋಟೋ ಕಳಿಸಿದ: ಬಿಸಿ 31, ತೇವ 52.

ಔಷಧಿ ಬದಲಾಯಿಸಿದ್ದು

ಅಮಿಕಾಸಿನ್ ಬೇಡ ಅಂತ ನಿರ್ಧರಿಸಿದೆ. ಅದು ಮೂತ್ರಪಿಂಡಕ್ಕೆ ಭಾರ, ಈ ಹಾವಿನ ಚರ್ಮ ಆಗಲೇ ನೀರಿಲ್ಲದೆ ಸುಕ್ಕಾಗಿತ್ತು. 17ರ ಬೆಳಿಗ್ಗೆ, ಹಾವು ಬೆಚ್ಚಗಾದ ಮೇಲೆ, ಸೆಫ್ಟಾಜಿಡೈಮ್ ಶುರು. ಕೆಜಿಗೆ 20 ಮಿ.ಗ್ರಾಂ, 72 ಗಂಟೆಗೆ ಒಮ್ಮೆ. ಈ 72 ಗಂಟೆಯ ಲೆಕ್ಕ ಬಂದದ್ದು 30 ಡಿಗ್ರಿಯಲ್ಲಿ ಇಟ್ಟ ಹಾವುಗಳಿಂದ. ಚಳಿಯಲ್ಲಿರುವ ಹಾವಿಗೆ ಆ ಲೆಕ್ಕ ಹೊಂದುವುದಿಲ್ಲ.

1.15 ಕೆಜಿಗೆ 23 ಮಿ.ಗ್ರಾಂ. ಮನುಷ್ಯರಿಗೆ ಕೊಡುವ 1 ಗ್ರಾಂ ಸೀಸೆಯೇ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 10 ಮಿ.ಲೀ. ನೀರು ಹಾಕಿದರೆ ಹಾವಿಗೆ ಬೇಕಾದದ್ದು 0.23 ಮಿ.ಲೀ. ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಥರ ಸಿಗುತ್ತದೆ. ಒಂದರಲ್ಲಿ 1 ಮಿ.ಲೀ.ಗೆ 40 ಗೆರೆ, ಇನ್ನೊಂದರಲ್ಲಿ 100. ಗೆರೆ ಎಣಿಸಿ ಕೊಟ್ಟರೆ ಡೋಸ್ ಎರಡೂವರೆ ಪಟ್ಟು ಹೆಚ್ಚು ಕಡಿಮೆ ಆಗಬಹುದು. ಅದಕ್ಕೇ 1 ಮಿ.ಲೀ. ಸಾದಾ ಸಿರಿಂಜನ್ನೇ ಬಳಸಿದೆ. ಈ ಅಂಕಿಗಳನ್ನು ಬರೆದದ್ದು ನನ್ನಂತೆ ಊರಲ್ಲಿ ಕೆಲಸ ಮಾಡುವ ಪಶುವೈದ್ಯರಿಗಾಗಿ. ಹಾವು ಸಾಕಿದವರು ಸೀಸೆ ಕೊಂಡು ತಾವೇ ಚುಚ್ಚಬೇಡಿ.

ಇಂಜೆಕ್ಷನ್ ಕೊಟ್ಟದ್ದು ಮೈಯ ಮುಂದಿನ ಮೂರನೇ ಒಂದು ಭಾಗದಲ್ಲಿ, ಬೆನ್ನೆಲುಬಿನ ಪಕ್ಕದ ಮಾಂಸಕ್ಕೆ. ಒಮ್ಮೆ ಎಡ, ಒಮ್ಮೆ ಬಲ. ಹಾವಿನ ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಕಡೆ ಹೋಗುವ ದಾರಿ ಇದೆ, ಹೀಗಾಗಿ ಬಾಲದ ಕಡೆ ಕೊಡುವುದಿಲ್ಲ. ಚರ್ಮದಡಿ 20 ಮಿ.ಲೀ. ಬೆಚ್ಚಗಿನ ಸಲೈನ್ ಕೊಟ್ಟೆ. ದಿನಕ್ಕೆ ಒಮ್ಮೆ ಹದಿನೈದು ನಿಮಿಷ ಡಬ್ಬಿಯೊಳಗೆ ಬರೀ ಸಲೈನ್‌ನ ನೆಬ್ಯುಲೈಸರ್.

ಕಲಸಿದ ಸೆಫ್ಟಾಜಿಡೈಮ್ ಫ್ರಿಜ್ಜಿನಲ್ಲಿ ಕೆಲವೇ ದಿನ ಇರುತ್ತದೆ. ಒಂದೊಂದು ಡೋಸನ್ನೂ ಸಿರಿಂಜಿಗೆ ತುಂಬಿ ಫ್ರೀಜರ್‌ನಲ್ಲಿಟ್ಟರೆ ವಾರಗಟ್ಟಲೆ ಬರುತ್ತದೆ. ಆದರೆ ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡುವಂತಿಲ್ಲ. ಕರೆಂಟ್ ಹೋಗುವ ಆ ಮನೆಯ ಫ್ರೀಜರ್ ನಂಬುವ ಹಾಗಿರಲಿಲ್ಲ. ಸಿರಿಂಜುಗಳು ಜನರೇಟರ್ ಇರುವ ನನ್ನ ಕ್ಲಿನಿಕ್‌ನಲ್ಲೇ ಇದ್ದವು. ಮೂರು ದಿನಕ್ಕೊಮ್ಮೆ ಹುಡುಗ ಹಾವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ತರುತ್ತಿದ್ದ. ಬೈಕ್ ಬಿಟ್ಟು ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಅವರ ಜೀಪಿನಲ್ಲಿ ಬರತೊಡಗಿದ.

23ರ ಹೊತ್ತಿಗೆ ಸದ್ದು ಕಡಿಮೆಯಾಯಿತು. 26ರಂದು ನೊರೆ ನಿಂತಿತು. ಬಾಯಿಯ ಮೂಲೆ ಗುಲಾಬಿಯಾಗಿ ಒಣಗಿತು.

ಆಗ ನನಗೆ ಒಂದು ಪ್ರಶ್ನೆ ಉಳಿದಿತ್ತು. ಬಿಸಿ ಮತ್ತು ಔಷಧಿ ಎರಡನ್ನೂ ಒಂದೇ ಹೊತ್ತಿಗೆ ಬದಲಾಯಿಸಿದ್ದೆ. ಗುಣ ಕಂಡದ್ದು ಯಾವುದರಿಂದ? ಉತ್ತರ ಬಂತು, ಆದರೆ ಬರಬಾರದ ರೀತಿಯಲ್ಲಿ ಬಂತು.

ಜುಲೈ 31ರ ರಾತ್ರಿ

ಹುಡುಗ ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದ. ಸಂಜೆ ಗಾಳಿಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿತ್ತು. ಯುಪಿಎಸ್ ಶುರುವಾಯಿತು. ಆದರೆ ಹಿಂದಿನ ಎರಡು ದಿನವೂ ಕರೆಂಟ್ ಸರಿಯಾಗಿ ಇರಲಿಲ್ಲ, ಬ್ಯಾಟರಿ ತುಂಬಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅದು ಕೂಗಿ ನಿಂತಿತು. ಅಜ್ಜಿ ಒಬ್ಬರೇ ಇದ್ದರು. ಹಾವಿನ ಕೋಣೆಗೆ ಅವರು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಮಳೆಗೆ ಬಚ್ಚಲ ಒಲೆಯನ್ನೂ ಹಚ್ಚಿರಲಿಲ್ಲ.

ಆಗಸ್ಟ್ 1ರ ಬೆಳಿಗ್ಗೆ ಪೆಟ್ಟಿಗೆಯಲ್ಲಿ 21. ಹುಡುಗ ಮಧ್ಯಾಹ್ನ ಮುಟ್ಟಿದ. ಸಂಜೆ ಆರನೇ ಡೋಸ್‌ಗೆ ತಂದಾಗ ಮೂಗಿನಲ್ಲಿ ಮತ್ತೆ ನೊರೆ, ಮತ್ತೆ ಆ ಟಿಕ್ ಟಿಕ್. ಔಷಧಿ ಬದಲಾಗಿರಲಿಲ್ಲ. ಒಂದು ಡೋಸೂ ತಪ್ಪಿರಲಿಲ್ಲ. ತಪ್ಪಿದ್ದು ಒಂದು ರಾತ್ರಿಯ ಬಿಸಿ ಮಾತ್ರ.

ಹುಡುಗ ಅತ್ತ. ಅಜ್ಜಿ ಮಾರನೇ ದಿನ ನನಗೆ ಫೋನ್ ಮಾಡಿ, "ನಾನು ಮುಟ್ಟೋದಿಲ್ಲ, ಆದ್ರೆ ಹೇಳಿಕೊಡಿ. ಇನ್ನೊಂದು ಸಲ ಹಿಂಗೆ ಆಗ್ಬಾರ್ದು" ಅಂದರು. ಥರ್ಮಾಕೋಲ್ ಪೆಟ್ಟಿಗೆಯ ಹೊರಬದಿಯಲ್ಲಿ ಒಂದು ಕಿಟಕಿ ಕೊಯ್ದೆವು. ಬಿಸಿನೀರಿನ ಬ್ಯಾಗನ್ನು ಟವೆಲಿನಲ್ಲಿ ಸುತ್ತಿ ಅಲ್ಲಿಂದ ಡಬ್ಬಿಯ ಪಕ್ಕಕ್ಕೆ ತೂರಿಸಬಹುದು. ಹಾವು ಇರುವ ಡಬ್ಬಿಯನ್ನು ತೆರೆಯುವುದೇ ಬೇಡ. ಎರಡು ಬ್ಯಾಗ್, ನಾಲ್ಕು ಗಂಟೆಗೊಮ್ಮೆ ಅದಲುಬದಲು. ಒಲೆಯ ಮೇಲೆ ಹೇಗೂ ನೀರು ಇರುತ್ತದೆ. ಅಜ್ಜಿ ಕನ್ನಡಕ ಹಾಕಿಕೊಂಡು ಥರ್ಮಾಮೀಟರ್ ಅಂಕಿ ಓದುವುದನ್ನು ಕಲಿತರು. ಆಗಸ್ಟ್ 3, ಕಕ್ಕಡ ಹದಿನೆಂಟರ ದಿನ, ಮದ್ದು ಸೊಪ್ಪಿನ ಪಾಯಸ ಕಳಿಸಿದ್ದರು. ಅದರ ಜೊತೆ ಒಂದು ಚೀಟಿ: "ರಾತ್ರಿ 2ಕ್ಕೆ 29. ಬೆಳಿಗ್ಗೆ 6ಕ್ಕೆ 30."

ನನ್ನ ವೈದ್ಯಕೀಯ ಜೀವನದಲ್ಲಿ ನನಗೆ ಬಂದ ಅತ್ಯುತ್ತಮ ಕೇಸ್ ನೋಟ್‌ಗಳಲ್ಲಿ ಅದು ಒಂದು.

ಕೈ ತೊಳೆಯುವ ವಿಷಯವನ್ನೂ ಆಗಲೇ ಗಟ್ಟಿಯಾಗಿ ಹೇಳಿದೆ. ಹಾವಿನ ಕರುಳಿನಲ್ಲಿ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ. ಹಾವಿಗೆ ಅದರಿಂದ ತೊಂದರೆ ಆಗದಿರಬಹುದು, ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಆಗುತ್ತದೆ. ಡಬ್ಬಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಟವೆಲ್ ಬೇರೆಯೇ ಇರಬೇಕು.

ಮತ್ತೆ ಗುಣವಾದದ್ದು

ಆಗಸ್ಟ್ 9ಕ್ಕೆ ಎಲ್ಲ ಲಕ್ಷಣ ಹೋದವು. ಹತ್ತು ಡೋಸ್‌ಗೆ ನಿಲ್ಲಿಸಬೇಕೆಂದಿದ್ದೆ. ಮರುಕಳಿಸಿದ್ದರಿಂದ ಲಕ್ಷಣ ಹೋದ ಮೇಲೂ ಎರಡು ವಾರ ಮುಂದುವರಿಸಿದೆ. ಆಗಸ್ಟ್ 25ಕ್ಕೆ ಕೊನೆಯದು, ಹದಿನಾಲ್ಕನೆಯದು. ಪ್ರತಿ ಸಲ ತೂಕ ನೋಡಿ ಡೋಸ್ ಲೆಕ್ಕ ಹಾಕಿದೆ. ಹೊಟ್ಟೆಯ ಕೆಂಪು ಮುಂದಿನ ಪೊರೆಯ ಜೊತೆ ಹೋಯಿತು, ಎರಡು ಹುರುಪೆಗಳ ಅಂಚು ಮಾತ್ರ ಸೊಟ್ಟಗೆ ಉಳಿದಿದೆ.

ಊಟಕ್ಕೆ ನಾನು ಅವಸರ ಮಾಡಲಿಲ್ಲ. ದೊಡ್ಡ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಬಾಯಲ್ಲಿ ಹುಣ್ಣಿರುವಾಗ, ಉಸಿರು ಕಟ್ಟುವಾಗ ಇಲಿ ತುರುಕಿದರೆ ಅದೇ ಪ್ರಾಣಕ್ಕೆ ಕುತ್ತು. ಆಗಸ್ಟ್ 30ರಂದು ಫ್ರೀಜರಿನಲ್ಲಿಟ್ಟಿದ್ದ ಸಣ್ಣ ಇಲಿಯ ಹಿಮ ಕರಗಿಸಿ ಕೊಟ್ಟರೆ ಮುಖ ತಿರುಗಿಸಿತು. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದು ಮೂರು ದಿನಕ್ಕೆ, ಸೆಪ್ಟೆಂಬರ್ 6ರ ರಾತ್ರಿ, ತಿಂದಿತು. ಆ ದಿನದ ತೂಕ 1,060. ಹುಡುಗ ರಾತ್ರಿ ಹತ್ತೂವರೆಗೆ ವಿಡಿಯೋ ಕಳಿಸಿದ. ಹಿನ್ನೆಲೆಯಲ್ಲಿ ಅಜ್ಜಿ "ನುಂಗ್ತಾ? ಪೂರ್ತಿ ನುಂಗ್ತಾ?" ಅಂತ ಕೇಳುವುದು ಕೇಳಿಸುತ್ತದೆ.

ಅಕ್ಟೋಬರ್ 20ಕ್ಕೆ 1,210 ಗ್ರಾಂ. ಮೇ ತಿಂಗಳ ತೂಕ ಇನ್ನೂ ಬಂದಿಲ್ಲ. ಉಸಿರು ಸ್ವಚ್ಛವಾಗಿದೆ. ದೊಡ್ಡ ಗಾಜಿನ ಗೂಡನ್ನು ಅವರು ಮತ್ತೆ ಬಳಸಲಿಲ್ಲ. ಉಗ್ರಾಣ ಕೋಣೆಯಲ್ಲಿ ಮರದ ಗೂಡು ಮಾಡಿಸಿದ್ದಾರೆ, ಒಳಗಡೆಗೆ ಥರ್ಮಾಕೋಲ್ ಕೊಟ್ಟು. ಹೀಟ್ ಮ್ಯಾಟ್‌ಗೆ ಈಗ ಬೇರೆಯದೇ ಬ್ಯಾಟರಿ. ನನ್ನ ಕೇಸ್ ಶೀಟಿನಲ್ಲೂ ಒಂದು ಬದಲಾವಣೆ ಮಾಡಿದ್ದೇನೆ. ಬಿಸಿ ಎಂಬ ಕಾಲಂ ಮುಂದೆ ಈಗ ಮೂರು ಖಾನೆ ಇವೆ: ಎಲ್ಲಿ ಅಳೆದದ್ದು, ಯಾವ ಹೊತ್ತು, ಕರೆಂಟ್ ಹೋದಾಗ ಎಷ್ಟು.